ಸ್ಪೀಕರ್ ವೈರು: ಒಂದೂವರೆಯೋ, ಎರಡೂವರೆಯೋ?

ಸ್ಪೀಕರಿಗೆ ಯಾವ ವೈರು ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ವರ್ಷಗಟ್ಟಲೆ ಒಂದೇ ಉತ್ತರ ಕೊಡುತ್ತಿದ್ದೆ. "ಯಾವುದಾದ್ರೂ ಹಾಕು ಮಾರಾಯ, ಎಲ್ಲಾ ತಾಮ್ರವೇ ಅಲ್ವಾ?" ಈ ಉತ್ತರದಲ್ಲಿ ಎರಡು ತಪ್ಪಿದ್ದವು. ಎರಡೂ ಗೊತ್ತಾಗಿದ್ದು ಕಳೆದ ದೀಪಾವಳಿಗೆ, ಶಿರಸಿ ಹತ್ತಿರದ ಅಕ್ಕನ ಮನೆಯ ಅಟ್ಟದಲ್ಲಿ, ಮೂಗಿನ ತುಂಬ ಧೂಳು ತುಂಬಿಕೊಂಡು ಕೂತಿದ್ದಾಗ.

ನಾನಿರುವುದು ಕಾರವಾರದಲ್ಲಿ, ಕೋಡಿಬಾಗದಲ್ಲಿ. ಚಿಕ್ಕ ಹಾಲ್. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ನಾಲ್ಕು ಮೀಟರ್ ದೂರ. ಅಲ್ಲಿಗೆ ತೀರಾ ತೆಳ್ಳಗಿನ ಕೆಂಪು-ಕಪ್ಪು ಜೋಡಿ ವೈರು ಹಾಕಿದ್ದೆ, ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ಭಾವ ಫೋನ್ ಮಾಡಿ ಜಗುಲಿಗೆ ಎರಡು ಸ್ಪೀಕರ್ ಹಾಕಬೇಕು, ವೈರು ಎಂತದು ತರಲಿ ಅಂತ ಕೇಳಿದಾಗ, ನನ್ನ ಮನೆಯಲ್ಲಿರುವುದನ್ನೇ ತರಲು ಹೇಳಿದೆ. ಅವನು ಅದನ್ನೇ ತಂದ. ನನ್ನ ಮಾತು ಕೇಳಿಯೇ ತಂದ ಅನ್ನುವುದನ್ನು ಅವನು ಇವತ್ತಿಗೂ ಮರೆತಿಲ್ಲ.

ಅಕ್ಕನ ಮನೆ ಹಳೇ ಕಾಲದ್ದು, ಉದ್ದ ಜಗುಲಿ. ಆಂಪ್ಲಿಫೈಯರ್ ಇರುವುದು ಒಳಗಿನ ಕೋಣೆಯಲ್ಲಿ. ಒಂದು ಸ್ಪೀಕರ್ ಬಾಗಿಲ ಪಕ್ಕದಲ್ಲೇ, ಆರು ಮೀಟರ್ ವೈರು ಸಾಕು. ಇನ್ನೊಂದು ಜಗುಲಿಯ ಆ ತುದಿಗೆ. ಅದಕ್ಕೆ ವೈರು ಗೋಡೆ ಹತ್ತಿ, ಅಟ್ಟದ ಮೇಲೆ ಹಾದು, ತೊಲೆಯ ಬುಡದಲ್ಲಿ ಇಳಿದು ಹೋಗಬೇಕು. ಎಲ್ಲಾ ಸೇರಿ ಹದಿನೆಂಟು ಮೀಟರ್.

ಭಾವನಿಗೆ ಬೇಕಾಗಿದ್ದು ಸಂಜೆ ಅಡಿಕೆ ಸುಲಿಯುವಾಗ ಯಕ್ಷಗಾನದ ರೆಕಾರ್ಡಿಂಗ್ ಕೇಳುವುದು, ಅಷ್ಟೇ. ನಾನು ದೇವಿಮನೆ ಘಟ್ಟ ಹತ್ತಿ ಊರು ಮುಟ್ಟಿ ಇನ್ನೂ ಆಸರಿಗೆ ಕುಡಿದಿರಲಿಲ್ಲ, ಅಷ್ಟರಲ್ಲಿ ಅವನ ದೂರು ಶುರು.

"ಭಾವ, ಆ ಬದಿ ಸ್ಪೀಕರ್ ಸಮಾ ಕೇಳ್ತಿಲ್ಲೆ. ಎಂತಾಜು ನೋಡು."

ಕೂತು ಕೇಳಿದೆ. ನಿಜ. ಭಾಗವತರ ದನಿ ನಡುವೆ ಇರಬೇಕಾದ್ದು ಬಾಗಿಲ ಕಡೆಗೆ ಸರಿದಿತ್ತು. ಚೆಂಡೆ ಕೂಡ ಆ ಕಡೆಯೇ. ದೂರದ ಸ್ಪೀಕರ್ ಸತ್ತಿರಲಿಲ್ಲ, ಆದರೆ ಸೋತಂತೆ ಕೇಳುತ್ತಿತ್ತು. ಮೊದಲು ಸ್ಪೀಕರ್ ಹಾಳು ಅಂದುಕೊಂಡು ಎರಡನ್ನೂ ಅದಲು ಬದಲು ಮಾಡಿದೆವು. ಆಗಲೂ ಅದೇ ಬದಿ ಸಣ್ಣ. ಆಂಪ್ಲಿಫೈಯರಿನ ಹಿಂದೆ ಎಡ-ಬಲ ಬದಲಿಸಿದೆವು. ಊಹೂಂ, ಆಗಲೂ ಅದೇ ಬದಿ. ಅಂದಮೇಲೆ ಉಳಿದಿದ್ದು ವೈರು ಒಂದೇ.

ಮಲ್ಟಿಮೀಟರ್ ಇದ್ದವರು ಈ ಪರೀಕ್ಷೆ ಒಮ್ಮೆ ಮಾಡಿ ನೋಡಿ, ಐದು ನಿಮಿಷದ ಕೆಲಸ. ಆಂಪ್ಲಿಫೈಯರಿನಿಂದಲೂ ಸ್ಪೀಕರಿನಿಂದಲೂ ವೈರು ಬಿಚ್ಚಿ. ಆ ತುದಿಯ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದು ಬಿಡಿ. ಈ ತುದಿಯಲ್ಲಿ ಓಮ್ ಅಳೆಯಿರಿ, ಅಂದರೆ ಕರೆಂಟಿಗೆ ವೈರು ಎಷ್ಟು ತಡೆ (ರೆಸಿಸ್ಟೆನ್ಸ್) ಒಡ್ಡುತ್ತದೆ ಅನ್ನುವುದನ್ನು. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿದ ಲೆಕ್ಕ ಸಿಗುತ್ತದೆ. ಒಂದು ಮಾತು ನೆನಪಿರಲಿ, ಅಗ್ಗದ ಮೀಟರಿನ ಕಡ್ಡಿಗಳಿಗೇ ಒಂದಿಷ್ಟು ರೆಸಿಸ್ಟೆನ್ಸ್ ಇರುತ್ತದೆ. ಕಡ್ಡಿ ಎರಡನ್ನೂ ಒಂದಕ್ಕೊಂದು ತಾಗಿಸಿ ಮೊದಲು ಅದನ್ನು ನೋಡಿಕೊಂಡು ಆಮೇಲೆ ಕಳೆಯಬೇಕು. ನನ್ನದರಲ್ಲಿ ಅದು 0.3. ವೈರು ಸೇರಿಸಿದಾಗ 2.4 ತೋರಿಸಿತು. ಅಂದರೆ ವೈರಿನದ್ದೇ 2.1 ಓಮ್.

ಸ್ಪೀಕರ್ 6 ಓಮಿನದ್ದು. ಅದರ ಮೂರನೇ ಒಂದು ಪಾಲಿಗಿಂತ ಜಾಸ್ತಿ ದಾರಿಯಲ್ಲೇ ಕೂತಿದೆ! ಹತ್ತಿರದ ಆರು ಮೀಟರಿನ ವೈರಿನಲ್ಲಿ 0.7 ಮಾತ್ರ. ಲೆಕ್ಕ ಹಾಕಿದರೆ ಎರಡು ಬದಿಯ ಸದ್ದಿಗೂ ಒಂದೂವರೆ ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಬರುತ್ತದೆ. ಭಾವನ ಕಿವಿ ಸರಿಯಾಗಿಯೇ ಇದೆ.

ಆದರೆ ಇನ್ನೊಂದು ಲೆಕ್ಕ ತಾಳೆ ಆಗಲಿಲ್ಲ. ಆ ವೈರಿನ ದಪ್ಪ ಅರ್ಧ ಎಂಎಂ. ಅಷ್ಟು ದಪ್ಪದ ತಾಮ್ರ ಹದಿನೆಂಟು ಮೀಟರ್ ಹೋಗಿ ಬಂದರೆ 1.4 ಓಮಿನ ಆಸುಪಾಸು ಬರಬೇಕು, 2.1 ಅಲ್ಲ. ಚಾಕು ತಗೊಂಡು ಒಂದು ಎಳೆಯನ್ನು ಕೆರೆದೆ. ಮೇಲಿನ ಕೆಂಪು ಹೋಗಿ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ! ಮೇಲೆ ತಾಮ್ರದ ತೆಳು ಹೊದಿಕೆ, ಅಷ್ಟೇ. ಇಂಥ ವೈರು ಅದೇ ದಪ್ಪದ ತಾಮ್ರದ ಹೋಲಿಕೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಕರೆಂಟು ಹಾಯಲು ಬಿಡುತ್ತದೆ. ಮೋಸ ಅನ್ನೋಣವೇ ಅಂದರೆ ಅದರ ಮೇಲೆ ತಾಮ್ರ ಅಂತ ಎಲ್ಲೂ ಬರೆದಿರಲಿಲ್ಲ, ನಾವೇ ಬಣ್ಣ ನೋಡಿ ಅಂದುಕೊಂಡಿದ್ದು. ಕೈಯಲ್ಲಿ ಹಿಡಿದರೆ ಹಗುರ ಅನ್ನಿಸುವುದು ಇನ್ನೊಂದು ಗುರುತು. (ಎಳೆ ಹೊರಗೂ ಬೆಳ್ಳಗಿದ್ದರೆ ಗಾಬರಿ ಬೇಡ, ಅದು ತವರ ಲೇಪಿಸಿದ ತಾಮ್ರ ಇರಬಹುದು. ಅದು ಒಳ್ಳೆಯದೇ, ಕೆರೆದರೆ ಒಳಗೆ ಕೆಂಪು ಕಾಣುತ್ತದೆ.)

ಸರಿ, ಹಾಗಾದರೆ ಎಷ್ಟು ದಪ್ಪ ಬೇಕು?

ಮೊದಲು ಈ 'ಎಂಎಂ' ಗೊಂದಲ ಬಗೆಹರಿಸಿಕೊಳ್ಳೋಣ. ಅಂಗಡಿಯಲ್ಲಿ ಒಂದೂವರೆ ಎಂಎಂ, ಎರಡೂವರೆ ಎಂಎಂ ಅನ್ನುತ್ತಾರಲ್ಲ, ಅದು ವೈರಿನ ಅಡ್ಡಳತೆ ಅಲ್ಲ. ವೈರನ್ನು ಕತ್ತರಿಸಿದರೆ ಕಾಣುವ ತಾಮ್ರದ ಮುಖದ ವಿಸ್ತೀರ್ಣ, ಚದರ ಮಿಲಿಮೀಟರ್. ಮಾತಲ್ಲಿ 'ಚದರ' ಬಿದ್ದುಹೋಗಿದೆ. ಸ್ಕೇಲು ಹಿಡಿದು ಅಳೆದು ಇದು ಒಂದೂವರೆ ಇಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಹಳೇ ಎಲೆಕ್ಟ್ರಿಷಿಯನ್ನರು ಇನ್ನೂ ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ ಅನ್ನುತ್ತಾರೆ. 20 ಗೇಜಿನ ಮೂರು ಎಳೆ, ಏಳು ಎಳೆ ಅಂತ ಅರ್ಥ. ತ್ರೀ ಟ್ವೆಂಟಿ ಅಂದರೆ ಹೆಚ್ಚುಕಡಿಮೆ 2 ಚದರ ಮಿಲಿಮೀಟರ್, ಸೆವೆನ್ ಟ್ವೆಂಟಿ ಅಂದರೆ ನಾಲ್ಕೂವರೆ. ಇದು ಬ್ರಿಟಿಷ್ ಗೇಜು. ಇಂಟರ್ನೆಟ್ಟಲ್ಲಿ ಓದಿದರೆ ಅಮೆರಿಕದ ಗೇಜು ಬರುತ್ತದೆ, ಅದು ಬೇರೆ. ಅದರಲ್ಲಿ 16 ಅಂದರೆ 1.3 ಚದರ ಮಿಲಿಮೀಟರ್, 14 ಅಂದರೆ 2.1, 12 ಅಂದರೆ 3.3. ಎರಡರಲ್ಲೂ ನಂಬರು ದೊಡ್ಡದಾದಷ್ಟೂ ವೈರು ಸಣ್ಣ. ನಮ್ಮ ಅಂಗಡಿಗಳಲ್ಲಿ ಸಿಗುವುದು 0.75, 1, 1.5, 2.5, 4. ಈ ಐದು ನೆನಪಿದ್ದರೆ ಸಾಕು, ಉಳಿದದ್ದೆಲ್ಲ ಬಿಟ್ಟುಬಿಡಿ.

ದಪ್ಪ ನಿರ್ಧಾರ ಮಾಡುವುದು ವಾಟ್ ಅಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ನನ್ನದು ಐವತ್ತು ವಾಟ್, ನೂರು ವಾಟ್ ಅಂತ. 8 ಓಮಿನ ಸ್ಪೀಕರಿಗೆ 50 ವಾಟ್ ಕೊಟ್ಟರೆ ಹರಿಯುವುದು ಎರಡೂವರೆ ಆಂಪಿಯರ್. ಅಷ್ಟಕ್ಕೆ ಒಂದು ಎಂಎಂ ವೈರು ಬೆಚ್ಚಗೂ ಆಗುವುದಿಲ್ಲ. ಇಲ್ಲಿ ಪ್ರಶ್ನೆ ವೈರು ಸುಡುತ್ತದೋ ಇಲ್ಲವೋ ಅನ್ನುವುದಲ್ಲ, ಸ್ಪೀಕರಿನ ಪಾಲನ್ನು ಅದು ಎಷ್ಟು ತಿನ್ನುತ್ತದೆ ಅನ್ನುವುದು. ಅದಕ್ಕೆ ಎರಡೇ ವಿಷಯ ಬೇಕು: ಉದ್ದ, ಮತ್ತು ಸ್ಪೀಕರಿನ ಓಮ್.

ವೈರಿನ ರೆಸಿಸ್ಟೆನ್ಸು ಸ್ಪೀಕರಿನ ಓಮಿನ ನೂರರಲ್ಲಿ ಐದು ಪಾಲು ದಾಟಬಾರದು ಅನ್ನುವುದು ಬಹಳ ಜನ ಒಪ್ಪುವ ಮಿತಿ. 8 ಓಮಿಗೆ 0.4, 4 ಓಮಿಗೆ 0.2. ಅಷ್ಟಿದ್ದರೆ ನಷ್ಟ ಅರ್ಧ ಡೆಸಿಬೆಲ್ಲಿಗಿಂತ ಕಡಿಮೆ. ಈಗ ನಾನು ಅಟ್ಟದ ಮೇಲೆ ಕೂತು ಹಳೇ ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ: ಎಳೆ ಎಳೆಯಾಗಿರುವ ತಾಮ್ರದ ವೈರಿಗೆ ಹೋಗಿ-ಬರುವ ರೆಸಿಸ್ಟೆನ್ಸ್ ಬೇಕಿದ್ದರೆ 0.04ಕ್ಕೆ ಮೀಟರಿನಲ್ಲಿ ಉದ್ದವನ್ನು ಗುಣಿಸಿ, ಚದರ ಮಿಲಿಮೀಟರಿನಿಂದ ಭಾಗಿಸಿ. ಉದ್ದ ಅಂದರೆ ಒಂದು ಕಡೆಯದ್ದು ಮಾತ್ರ, ವಾಪಸ್ ಬರುವುದನ್ನು 0.04ರಲ್ಲೇ ಸೇರಿಸಿ ಆಗಿದೆ. ಇದಕ್ಕೆ ಆ ಐದು ಪಾಲಿನ ಮಿತಿ ಸೇರಿಸಿದರೆ ಇನ್ನೂ ಸುಲಭ ಆಗುತ್ತದೆ. ಉದ್ದವನ್ನು 0.8ರಿಂದ ಗುಣಿಸಿ, ಸ್ಪೀಕರಿನ ಓಮಿನಿಂದ ಭಾಗಿಸಿ. ಬಂದ ಉತ್ತರವೇ ಬೇಕಾದ ದಪ್ಪ. ಅಂಗಡಿಯಲ್ಲಿ ಅದೇ ಸೈಜ್ ಇಲ್ಲದಿದ್ದರೆ ಅದಕ್ಕಿಂತ ಮೇಲಿನದ್ದು ಕೇಳಿ.

ನನ್ನ ಕಾರವಾರದ ಹಾಲ್: 4 ಮೀಟರ್, 8 ಓಮ್. ಉತ್ತರ 0.4. ಹಾಗಾಗಿ ಅಲ್ಲಿ ಆ ತೆಳು ವೈರೂ ಹೇಗೋ ನಡೆಯಿತು, ನಾನು ದೊಡ್ಡ ಪಂಡಿತನ ಹಾಗೆ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದೆ. ಭಾವನ ಜಗುಲಿ: 18 ಮೀಟರ್, 6 ಓಮ್. ಉತ್ತರ 2.4. ಅಂದರೆ ಎರಡೂವರೆ ಎಂಎಂ. ಹತ್ತು ಮೀಟರ್ ದೂರಕ್ಕೆ 8 ಓಮ್ ಆದರೆ 1 ಸಾಕು, ಅದೇ ದೂರಕ್ಕೆ 4 ಓಮಿನ ಸ್ಪೀಕರ್ ಆದರೆ 2 ಬರುತ್ತದೆ, ಅಲ್ಲಿಗೆ ಮತ್ತೆ ಎರಡೂವರೆಯೇ ಗತಿ.

ಸುಮ್ನೆ ಸೌಂಡ್ ಸ್ವಲ್ಪ ಕಡಿಮೆ ಆದರೆ ವಾಲ್ಯೂಮ್ ತಿರುಗಿಸಿದರಾಯಿತಲ್ಲ ಅಂತ ಭಾವ ಕೇಳಿದ. ಒಳ್ಳೆಯ ಪ್ರಶ್ನೆ. ತೊಂದರೆ ಏನೆಂದರೆ ಸ್ಪೀಕರಿನ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲಾ ಸ್ವರಕ್ಕೂ 8 ಇರುವುದಿಲ್ಲ. ಕೆಳಗಿನ ಒಂದು ಸ್ವರದ ಹತ್ತಿರ 30 ದಾಟಬಹುದು, ಇನ್ನೊಂದು ಕಡೆ 6ಕ್ಕೆ ಇಳಿಯಬಹುದು. ದಾರಿಯಲ್ಲಿ ಎರಡು ಓಮಿನ ವೈರು ಕೂತರೆ 30 ಇರುವ ಸ್ವರಕ್ಕೆ ಅದು ಲೆಕ್ಕಕ್ಕೇ ಇಲ್ಲ, 6 ಇರುವ ಸ್ವರಕ್ಕೆ ದೊಡ್ಡ ಪೆಟ್ಟು. ಅಂದರೆ ಸೌಂಡ್ ಒಂದೇ ಸಮ ಇಳಿಯುವುದಿಲ್ಲ, ಅದರ ಬಣ್ಣವೇ ಬದಲಾಗುತ್ತದೆ. ಮದ್ದಳೆ ಗುಂ ಅನ್ನುತ್ತಾ ಉಳಿಯುತ್ತದೆ, ಮಾತು ಹಿಂದೆ ಸರಿಯುತ್ತದೆ. ವಾಲ್ಯೂಮ್ ತಿರುಗಿಸಿ ಅದನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ.

ಹಾಗಂತ ದಪ್ಪ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಕುಮಟಾದ ಒಬ್ಬ ಗೆಳೆಯ ಎರಡು ಮೀಟರ್ ದೂರಕ್ಕೆ ನಾಲ್ಕು ಎಂಎಂ ವೈರು ಹಾಕಿದ. ಅವನ ಹೋಮ್ ಥಿಯೇಟರಿನ ಹಿಂದೆ ಇರುವುದು ಒತ್ತಿ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್. ಆ ಸಣ್ಣ ತೂತಿಗೆ ಅಷ್ಟು ದಪ್ಪ ವೈರು ಎಲ್ಲಿ ಹೋಗಬೇಕು? ಅರ್ಧ ಎಳೆ ಕತ್ತರಿಸಿ ತುರುಕಿದ. ಹೊರಗೆ ಉಳಿದ ಕೂದಲಿನಂಥ ಒಂದು ಎಳೆ ಪಕ್ಕದ ಕ್ಲಿಪ್ಪಿಗೆ ತಾಗಿ ಆಂಪ್ಲಿಫೈಯರ್ ಪಟ್ಟಂತ ಆಫ್ ಆಯಿತು. ಪುಣ್ಯಕ್ಕೆ ಪ್ರೊಟೆಕ್ಷನ್ ಇತ್ತು, ಬದುಕಿತು. ಅವನಿಗೆ ಮುಕ್ಕಾಲು ಎಂಎಂ ಧಾರಾಳ ಸಾಕಿತ್ತು. ನಾಲ್ಕು ಎಂಎಂ ತಗೊಂಡರೂ ಕತ್ತರಿಸಿದ ಜಾಗದಲ್ಲಿ ಅದು ಎರಡೇ ಎಂಎಂ!

ಇನ್ನು ದುಬಾರಿ ಸ್ಪೀಕರ್ ವೈರಿನ ಕಥೆ. ಆಕ್ಸಿಜನ್ ಇಲ್ಲದ ತಾಮ್ರ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ತಾಮ್ರ ಎಷ್ಟು ಚೆನ್ನಾಗಿ ಕರೆಂಟು ಹಾಯಲು ಬಿಡುತ್ತದೆ ಅಂತ ಅಳೆಯಲಿಕ್ಕೆ 1913ರಲ್ಲೇ ಒಂದು ಅಂತಾರಾಷ್ಟ್ರೀಯ ಅಳತೆಗೋಲು ಮಾಡಿಟ್ಟಿದ್ದಾರೆ. ಅದರಲ್ಲಿ ಆಗಿನ ಒಳ್ಳೆಯ ತಾಮ್ರ 100 ಆದರೆ ಈ ಆಕ್ಸಿಜನ್ ಇಲ್ಲದ ತಾಮ್ರ 101 ಅಷ್ಟೇ. ಆ ಒಂದರ ಸಲುವಾಗಿ ಜೇಬು ಖಾಲಿ ಮಾಡುವ ಬದಲು ಒಂದು ಸೈಜ್ ದಪ್ಪ ತಗೊಂಡರೆ ಮುಗಿಯಿತು. ಹೈ ಫ್ರೀಕ್ವೆನ್ಸಿ ಕರೆಂಟು, ಅಂದರೆ ಮೇಲಿನ ಸ್ವರದ್ದು, ವೈರಿನ ಮೇಲ್ಮೈಯಲ್ಲೇ ಹರಿಯುತ್ತದೆ ಅಂತಲೂ ಹೆದರಿಸುತ್ತಾರೆ. ಸುಳ್ಳಲ್ಲ, ಆದರೆ ನಮ್ಮ ಕಿವಿಯ ಕೊನೆಯ ಮಿತಿ 20 ಕಿಲೋಹರ್ಟ್ಸಿನಲ್ಲೂ ಅದು ಸುಮಾರು ಅರ್ಧ ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಎರಡೂವರೆ ಎಂಎಂ ವೈರಿನ ನಡುವಿನಿಂದ ಅಂಚಿಗೇ ಒಂದು ಮಿಲಿಮೀಟರ್ ಇಲ್ಲ. ನಮಗೆ ಸಂಬಂಧವೇ ಇಲ್ಲದ ತಲೆಬಿಸಿ.

ಮರುದಿನ ಶಿರಸಿ ಪೇಟೆಗೆ ಹೋಗಿ ಮನೆ ವೈರಿಂಗಿಗೆ ಹಾಕುವ ಐಎಸ್‌ಐ ಗುರುತಿನ ತಾಮ್ರದ ವೈರನ್ನೇ ತಂದೆವು. ಪೂರ್ತಿ ಕಟ್ಟು ತಗೊಂಡರೆ 90 ಮೀಟರ್ ಬರುತ್ತದೆ, ನಮಗೆ ಅಷ್ಟು ಬೇಡ, ಕತ್ತರಿಸಿ ಕೊಡುವ ಅಂಗಡಿ ಹುಡುಕಿದೆವು. ಬಿಳಿ ಒಂದು, ಬೂದು ಒಂದು. ಕೆಂಪು-ಕಪ್ಪು ಬೇಡ ಅಂತ ನಾನೇ ಹಟ ಹಿಡಿದೆ. ಕೆಂಪು-ಕಪ್ಪು ಅಂದರೆ ನಮ್ಮಲ್ಲಿ ಮನೆ ಕರೆಂಟಿನ ಬಣ್ಣ. ಮುಂದೆ ಯಾರೋ ಎಲೆಕ್ಟ್ರಿಷಿಯನ್ ಅಟ್ಟ ಹತ್ತಿ ಅದಕ್ಕೊಂದು ಬಲ್ಬು ಜೋಡಿಸಿದರೆ? ನಗಬೇಡಿ. ನಾನು ಹುಡುಗನಾಗಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಟೇಪ್ ರೆಕಾರ್ಡರಿನ ಸ್ಪೀಕರ್ ವೈರಿಗೆ, ಸುಲಭ ಆಗಲಿ ಅಂತ, ಮಾಮೂಲಿ ಟೂ-ಪಿನ್ ಹಾಕಿದ್ದರು. ಒಂದು ಮದುವೆ ಗಡಿಬಿಡಿಯಲ್ಲಿ ಯಾರೋ ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರು. ಸ್ಪೀಕರ್ ಒಂದೇ ಒಂದು ಸಲ ಭೋಂ ಅಂದಿತು, ಹೊಗೆ ಬಂತು, ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ ಅನ್ನುವುದು ದೊಡ್ಡದು. ಕರೆಂಟಿನ ವೈರು ಹೋಗುವ ಪೈಪಿನೊಳಗೇ ಸ್ಪೀಕರ್ ವೈರು ತೂರಿಸುವುದೂ ಬೇಡ.

ಒಂಟಿ ವೈರು ತಂದರೆ ಎರಡನ್ನೂ ಹೊಸೆಯಬೇಕು. ಒಂದು ಇಲ್ಲಿ, ಒಂದು ಅಲ್ಲಿ ಅಂತ ದೂರ ದೂರ ಎಳೆದರೆ ನಡುವಿನ ಜಾಗ ದೊಡ್ಡ ಕುಣಿಕೆಯ ಹಾಗೆ ಕೆಲಸ ಮಾಡುತ್ತದೆ, ಮೇಲಿನ ಸ್ವರ ಸ್ವಲ್ಪ ಮಂಕಾಗುತ್ತದೆ, ಅಕ್ಕಪಕ್ಕದ ಗಲಾಟೆಯೂ ಸೇರಿಕೊಳ್ಳಬಹುದು. ನಾವು ಜಗುಲಿಯ ಕಂಬಕ್ಕೆ ಎರಡು ತುದಿ ಕಟ್ಟಿ, ಇನ್ನೆರಡು ತುದಿಯನ್ನು ಡ್ರಿಲ್ ಮಷಿನಿನ ಬಾಯಿಗೆ ಕೊಟ್ಟು, ಅಂಗಳದ ಉದ್ದಕ್ಕೂ ಬಿಗಿಯಾಗಿ ಹಿಡಿದು ನಿಧಾನ ತಿರುಗಿಸಿದೆವು. ಹಗ್ಗ ಹೊಸೆದ ಹಾಗೇ. ಮೂರು ನಾಲ್ಕು ಸೆಂಟಿಮೀಟರಿಗೆ ಒಂದು ಸುತ್ತು ಬಿದ್ದರೆ ಸಾಕು. ಹೊಸೆದಾಗ ಉದ್ದ ಕಡಿಮೆ ಆಗುತ್ತದೆ, ಮೀಟರಿಗೆ ಐದಾರು ಸೆಂಟಿಮೀಟರ್ ಹೋಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿ ಹತ್ತೊಂಬತ್ತೂವರೆ ಮೀಟರ್ ಕತ್ತರಿಸಿದ್ದೆವು. ಅಷ್ಟಾದರೂ ಬುದ್ಧಿ ಇತ್ತು. ಅಕ್ಕ ಹೊರಗೆ ಬಂದು ನೋಡಿ, "ತಮಾ, ನೀರು ಸೇದೋ ಹಗ್ಗ ಮಾಡ್ತಿದ್ರಾ ಎಂತ?" ಅಂದಳು.

ತುದಿಗಳ ವಿಷಯ. ಶಿರಸಿಗಿಂತ ನಮ್ಮ ಕರಾವಳಿಯವರಿಗೆ ಇದು ದಪ್ಪಕ್ಕಿಂತ ದೊಡ್ಡ ಚಿಂತೆ. ಕೋಡಿಬಾಗದಲ್ಲಿ ಉಪ್ಪಿನ ಗಾಳಿಗೆ ಬಿಚ್ಚಿಟ್ಟ ತಾಮ್ರ ಒಂದು ಮಳೆಗಾಲ ಕಳೆಯುವುದರೊಳಗೆ ಕಪ್ಪಾಗಿ, ಆಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಒಂದು ತುದಿ ಎರಡೂವರೆ ಎಂಎಂ ಹಾಕಿದ ಲಾಭವನ್ನೆಲ್ಲ ತಿಂದು ಹಾಕಬಹುದು. ದೋಣಿಗಳಿಗೆ ಅಂತಲೇ ಮಾಡುವ ವೈರಿನಲ್ಲಿ ಪ್ರತಿ ಎಳೆಗೂ ತವರ ಲೇಪಿಸಿರುವುದು ಇದೇ ಕಾರಣಕ್ಕೆ. ಅದು ಸಿಗದಿದ್ದರೆ ಬೇಸರ ಇಲ್ಲ. ನಾನು ಮಾಡುವುದು ಇಷ್ಟು: ತುದಿಗೆ ತಾಮ್ರದ ಲಗ್ (ಸ್ಕ್ರೂ ಕೆಳಗೆ ಕೂರುವ ಬಿಲ್ಲೆ) ಅಥವಾ ಸಣ್ಣ ತೋಳು ಹಾಕಿ ಒತ್ತುವ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಏರಿಸುವುದು. ಬರೀ ಎಳೆಗಳಿಗೆ ಬೆಸುಗೆ ತುಂಬಿ ಸ್ಕ್ರೂ ಕೆಳಗೆ ಇಡುವುದು ನನಗೂ ಮೊದಲು ಸರಿ ಅನ್ನಿಸಿತ್ತು. ಬೆಸುಗೆಯ ಲೋಹ ಮೆತ್ತಗಿನದು, ಒತ್ತಡಕ್ಕೆ ದಿನ ಹೋದ ಹಾಗೆ ಹರಡಿಕೊಳ್ಳುತ್ತದೆ, ಸ್ಕ್ರೂ ಸಡಿಲ ಆಗುತ್ತದೆ. ಏನೂ ಸಾಮಾನಿಲ್ಲದಿದ್ದರೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸಿ ಹಾಕಿ. ಅದಕ್ಕೇ ಎರಡೂ ಕಡೆ ಒಂದು ಗೇಣು ವೈರು ಜಾಸ್ತಿ ಬಿಟ್ಟಿರಬೇಕು.

ಪ್ಲಸ್-ಮೈನಸ್ ಅದಲುಬದಲು ಆದರೆ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಬೇಸ್ ಮಾಯ. ಅಟ್ಟದ ಈ ತುದಿಯಲ್ಲಿ ಅನುಮಾನ ಬಂದರೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಹಿಡಿದು ಒಂದು ಕ್ಷಣ ತಾಗಿಸಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್ಸಿಗೆ ಹೋಗಿದ್ದರೆ ಕೋನ್, ಅಂದರೆ ಸ್ಪೀಕರಿನ ಮುಂದೆ ಅದುರುವ ಭಾಗ, ಹೊರಗೆ ಬರುತ್ತದೆ. ಆಂಪ್ಲಿಫೈಯರಿನಿಂದ ಬಿಚ್ಚಿಟ್ಟು ಮಾಡಿ ಮತ್ತೆ!

ಸಂಜೆ ಜೋಡಿಸಿ ಮುಗಿಸಿ ಅಳೆದರೆ ಮೀಟರಿನಲ್ಲಿ 0.6, ಕಡ್ಡಿಯದ್ದು ಕಳೆದರೆ 0.3. ಹತ್ತಿರದ ಸ್ಪೀಕರಿಗೂ ಎರಡೂವರೆಯನ್ನೇ ಹಾಕಿದೆವು, ಅದರದ್ದು 0.1. ಎರಡೂ ಕಡೆ ವೈರಿನ ಉದ್ದ ಸಮ ಇರಲೇಬೇಕು ಅಂತ ಕೆಲವರು ಹೇಳುತ್ತಾರೆ, ಹತ್ತಿರದ ಸ್ಪೀಕರಿಗೂ ಹದಿನೆಂಟು ಮೀಟರ್ ತಂದು ಸುರುಳಿ ಸುತ್ತಿ ಇಡುತ್ತಾರೆ. ಬೇಡ. ಉಳಿದ ವ್ಯತ್ಯಾಸ ಕಾಲು ಡೆಸಿಬೆಲ್ ಚಿಲ್ಲರೆ, ಭಾವನಂಥ ಕಿವಿಗೂ ಅದು ಸಿಗಲಿಲ್ಲ. ಭಾಗವತರು ಜಗುಲಿಯ ನಡುವೆ ಬಂದು ಕೂತರು.

ಮತ್ತೊಮ್ಮೆ ಯಾರೂ ಅಟ್ಟ ಹತ್ತಬೇಕಾಗದಿರಲಿ ಅಂತ ಒಂದು ತುಂಡು ಬಿಳಿ ಟೇಪಿನ ಮೇಲೆ '2.5, 18 ಮೀಟರ್, 0.3 ಓಮ್, ಬಿಳಿ ಪ್ಲಸ್' ಅಂತ ಬರೆದು ಆಂಪ್ಲಿಫೈಯರಿನ ಹಿಂದೆ ಅಂಟಿಸಿದೆ. ಕಾರವಾರಕ್ಕೆ ಹೊರಡುವ ದಿನ ನೋಡಿದರೆ ಅದರ ಕೆಳಗೆ ಭಾವ ಇನ್ನೊಂದು ಟೇಪು ಅಂಟಿಸಿದ್ದ: 'ಇದು ಸ್ಪೀಕರಿಂದು, ಕರೆಂಟಿಂದು ಅಲ್ಲ. ಅನುಮಾನ ಇದ್ದರೆ ಕೇಳಿ, ಕಾರವಾರಕ್ಕೆ ಮಾತ್ರ ಫೋನ್ ಮಾಡಬೇಡಿ.'